ಬರೀ ಬಾಲ ಬಿದ್ದರೆ ಏನು ಫಲ?

ಗಣೇಶನ ಹಬ್ಬಕ್ಕೆ ಮುಂಚಿನ ಭಾನುವಾರ. ಅಡುಗೆಮನೆಯ ಟ್ಯೂಬ್‌ಲೈಟ್ ಹಿಂದಿನ ಬಲೆ ತೆಗೆಯೋಣ ಅಂತ ಸ್ಟೂಲ್ ಹತ್ತಿ ಪೊರಕೆ ಆಡಿಸಿದೆ. ಹಲ್ಲಿ ಓಡಿತು. ಅದರ ಬಾಲ ಮಾತ್ರ ನನ್ನ ಭುಜದ ಮೇಲೆ ಬಿತ್ತು, ಬಿದ್ದು ಸುಮ್ನೆ ಇರದೆ ಕುಣಿಯತೊಡಗಿತು. ನಾನೂ ಕುಣಿದೆ. ಸ್ಟೂಲಿಂದ ಹೇಗೆ ಇಳಿದೆನೋ ಗೊತ್ತಿಲ್ಲ, ಕಾಲು ಸಿಲಿಂಡರ್‌ಗೆ ಬಡಿದದ್ದು ಮಾತ್ರ ಚೆನ್ನಾಗಿ ಗೊತ್ತು. ಹೆಬ್ಬೆರಳಿನ ಉಗುರು ಕಿತ್ತು ಬಂತು.

ಅಮ್ಮ ಅರಿಶಿನಕ್ಕಿಂತ ಮೊದಲು ಪಂಚಾಂಗ ತಂದಳು. "ಎಡ ಭುಜನೋ, ಬಲ ಭುಜನೋ?"

"ಅಮ್ಮಾ, ಬಿದ್ದಿದ್ದು ಬರೀ ಬಾಲ."

ಇಡೀ ಹಲ್ಲಿ ಬಿದ್ದರೆ ತಲೆಯಿಂದ ಪಾದದವರೆಗೂ ಫಲ ಬರೆದಿದ್ದಾರೆ, ಬಿಡಿಭಾಗ ಬಿದ್ದರೆ ಏನು ಅಂತ ಎಲ್ಲೂ ಇಲ್ಲ. "ಕಾಲುಭಾಗ ಫಲ ಅಂತ ಇಟ್ಕೋ, ಹೋಗಿ ಸ್ನಾನ ಮಾಡು" ಎಂದಳು.

ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತು ಓದಿದೆ. ಹಲ್ಲಿಯ ಬಾಲದ ಮೂಳೆಗಳಲ್ಲೇ ಮುರಿಯುವ ಗೆರೆಗಳು ಇರುತ್ತವೆ, ಅಂಚೆಚೀಟಿ ಹಾಳೆಯ ತೂತುಗಳ ಹಾಗೆ. ಕುಣಿಯುವ ಬಾಲವನ್ನು ಶತ್ರು ಬಾಯಿಬಿಟ್ಟು ನೋಡುತ್ತಿರುವಾಗ ಹಲ್ಲಿ ಪರಾರಿ. ಶತ್ರು ಅಂದರೆ ನಾನು. ರಕ್ತನಾಳಗಳು ತಕ್ಷಣ ಬಿಗಿದುಕೊಳ್ಳುವುದರಿಂದ ಅದಕ್ಕೆ ರಕ್ತವೂ ಜಾಸ್ತಿ ಹೋಗಲ್ಲ, ನನ್ನದು ನೋಡಿದರೆ ಅರ್ಧ ಟವೆಲ್ ಒದ್ದೆ. ಕೆಲವೇ ತಿಂಗಳಲ್ಲಿ ಹೊಸ ಬಾಲ ಬರುತ್ತದೆ, ಆದರೆ ಒಳಗೆ ಮೂಳೆ ಬದಲು ಮೃದ್ವಸ್ಥಿಯ ಕೊಳವೆ. ಡೂಪ್ಲಿಕೇಟ್ ಪಾರ್ಟ್ ಅನ್ನಿ.

ಈ ವಿದ್ಯೆ ತೀರಾ ಹಳೆಯದು. ಜರ್ಮನಿಯಲ್ಲಿ ಸಿಕ್ಕ, ಸುಮಾರು 29 ಕೋಟಿ ವರ್ಷ ಹಳೆಯ ಉಭಯಚರ ಪಳೆಯುಳಿಕೆಗಳಲ್ಲಿ ಕಾಲು ಮತ್ತೆ ಬೆಳೆದ ಗುರುತಿದೆ. ಗೊತ್ತಾದದ್ದು ಹೇಗೆ ಅಂದರೆ, ಕೆಲವಕ್ಕೆ ಬೆರಳುಗಳು ಒಂದಕ್ಕೊಂದು ಅಂಟಿ ಅಡ್ಡಾದಿಡ್ಡಿ ಬೆಳೆದಿವೆ. ಕಾಲು ಹೋದರೆ ಮತ್ತೆ ಬೆಳೆಸಿಕೊಳ್ಳುವ ಈಗಿನ ಸಾಲಮಾಂಡರ್‌ಗಳಲ್ಲೂ (ನೋಡಲು ಹಲ್ಲಿಯಂಥ ಉಭಯಚರ) ರಿಪೇರಿ ಕೆಟ್ಟಾಗ ಹೀಗೇ ಆಗುತ್ತದೆ. ಕಳಪೆ ಕೆಲಸವೇ ಸಾಕ್ಷಿಯಾಯಿತು! ನಮ್ಮ ವಂಶ ಈ ವಿದ್ಯೆಯನ್ನು ಬಹುಶಃ ದಾರಿಯಲ್ಲೆಲ್ಲೋ ಕಳೆದುಕೊಂಡಿತು. ಬೇಲಿ ಮೇಲಿನ ಓತಿಕ್ಯಾತದ್ದೂ ನನ್ನದೇ ಪಾಡು, ಬಾಲ ಹೋದರೆ ಹೋಯಿತು. ಚಿಕ್ಕ ಮಕ್ಕಳಿಗೆ ಉಗುರಿನ ಬುಡ ಉಳಿದಿದ್ದರೆ ಬೆರಳ ತುದಿ ಮತ್ತೆ ಬೆಳೆಯುವುದುಂಟು. ನನಗೆ ನಲವತ್ತಾರು.

ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಬರಲು ಒಂದರಿಂದ ಒಂದೂವರೆ ವರ್ಷ ಬೇಕು. ದೀಪಾವಳಿ ಹೊತ್ತಿಗೆ ಹಲ್ಲಿ ಅದೇ ಟ್ಯೂಬ್‌ಲೈಟ್ ಪಕ್ಕ ಪ್ರತ್ಯಕ್ಷ. ಬಾಲ ಬಂದಿದೆ, ಸ್ವಲ್ಪ ಮೋಟು, ಬಣ್ಣವೂ ಬೇರೆ. ನಾನಿನ್ನೂ ಆಫೀಸಿಗೆ ಚಪ್ಪಲಿಯಲ್ಲೇ ಹೋಗುತ್ತಿದ್ದೆ.

"ಈ ಸಲ ನನ್ನ ಕೈಲಿ ಬಲೆ ತೆಗೆಯೋಕಾಗಲ್ಲಮ್ಮ" ಎಂದೆ.

ಹಲ್ಲಿ ಲೊಚಗುಟ್ಟಿತು.

"ಕೃಷ್ಣ ಕೃಷ್ಣ" ಅನ್ನುತ್ತಾ ಅಮ್ಮ ಪೊರಕೆ ಕೆಳಗಿಟ್ಟಳು.