ಕ್ಯಾಶ್ ಕ್ಲಿಯರ್

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತು ಎದ್ದವನು ನಾನು. ಬೆಂಗಳೂರಿನಿಂದ ತಮ್ಮನ ಮಗ ಫೋನಿನಲ್ಲಿ "ದೊಡ್ಡಪ್ಪ, ಮೊದ್ಲು ಕ್ಯಾಶ್ ಕ್ಲಿಯರ್ ಮಾಡಿ" ಅಂದಾಗ ಕೈ ತಾನಾಗಿಯೇ ಜೇಬಿಗೆ ಹೋಯಿತು.

ಆಗಿದ್ದಿಷ್ಟು. ಅಣ್ಣನ ಮಗಳ ಮದುವೆಗೆಂದು ನನ್ನಾಕೆ ಸೀರೆ ಹುಡುಕುತ್ತಿದ್ದಳು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರು ಪಡೆದ ದಾವಣಗೆರೆಯಲ್ಲಿ ಬಟ್ಟೆ ಅಂಗಡಿಗೆ ಬರವೇ? ಗಿರಣಿಗಳ ಕಾಲ ಮುಗಿದರೂ ಅಂಗಡಿಗಳೇನೂ ಕಮ್ಮಿಯಾಗಿಲ್ಲ. ಆದರೂ ಅವಳಿಗೆ ಕಂಪ್ಯೂಟರಿನ ಅಂಗಡಿಯೇ ಆಗಬೇಕು. ಅಲ್ಲಿ ಐವತ್ತು ಸೀರೆ ನೋಡಿ ಸುಮ್ನೆ ಎದ್ದು ಬಂದರೂ ಯಾರೂ ಮುಖ ಗಂಟಿಕ್ಕುವುದಿಲ್ಲವಂತೆ. ನಾಲ್ಕು ದಿನ ಕೂತು ಆರು ಸೀರೆ ಆರಿಸಿ ಬುಟ್ಟಿಗೆ ಹಾಕಿಟ್ಟಿದ್ದಳು. ಐದನೇ ದಿನ ಪುಟ ಕೆಟ್ಟಿತು. ಸೀರೆ ಇರಬೇಕಾದ ಕಡೆ ಬರೀ ಖಾಲಿ ಚೌಕ. ನಡುವೆ ಒಂದು ದುಂಡನೆಯ ಗೆರೆ, ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು.

"ಕ್ಯಾಶ್ ಅಂದ್ರೆ ದುಡ್ಡಲ್ಲ ದೊಡ್ಡಪ್ಪ" ಎಂದು ಹುಡುಗ ಬಿಡಿಸಿ ಹೇಳಿದ. ನೋಡಿದ ಪುಟಗಳ ಚಿತ್ರ, ಅಕ್ಷರ, ಅಲಂಕಾರಗಳನ್ನು ಬ್ರೌಸರ್ ನಮ್ಮ ಕಂಪ್ಯೂಟರಿನಲ್ಲೇ ಎತ್ತಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅಷ್ಟು ದೂರದಿಂದ ಎಲ್ಲವನ್ನೂ ಮತ್ತೆ ತರಬೇಕಿಲ್ಲ. ನನಗೆ ಕೂಡಲೇ ಅರ್ಥವಾಯಿತು. ಇದು ನಮ್ಮನೆ ಮಂಡಕ್ಕಿ ಡಬ್ಬ! ಭಟ್ಟಿಯಿಂದ ಒಮ್ಮೆ ತಂದು ತುಂಬಿಟ್ಟರೆ, ಸಂಜೆ ಮಂಡಕ್ಕಿ-ಮೆಣಸಿನಕಾಯಿ ಆಸೆಯಾದಾಗಲೆಲ್ಲ ಮಂಡಕ್ಕಿ ಭಟ್ಟಿಗೆ ಓಡುವುದು ತಪ್ಪುತ್ತದೆ. ಆದರೆ ಡಬ್ಬದಲ್ಲಿ ಜಾಸ್ತಿ ದಿನ ಕೂತದ್ದು ಮೆತ್ತಗಾಗುತ್ತದಲ್ವಾ? ಅಂಗಡಿಯವರು ತಮ್ಮ ಪುಟ ಬದಲಾಯಿಸಿರುತ್ತಾರೆ, ನಮ್ಮ ಬ್ರೌಸರ್ ಹಳೇ ತುಣುಕುಗಳನ್ನೇ ಹೊಸದರ ಜೊತೆ ಕಲಸಲು ಹೋಗುತ್ತದೆ. ಕೆಲವು ಸಲ ಕಲೆಯುವುದಿಲ್ಲ. ಮೆತ್ತಗಾದ ಮಂಡಕ್ಕಿಯನ್ನು ನಮ್ಮಮ್ಮ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಗರಿಗರಿ ಮಾಡುತ್ತಿದ್ದಳು. ಇಲ್ಲಿ ಡಬ್ಬ ಕೊಡವಿ ಹೊಸದು ತರುವುದೇ ದಾರಿ.

ಕಂಟ್ರೋಲ್, ಶಿಫ್ಟ್, ಡಿಲೀಟ್. ಮೂರನ್ನೂ ಒಟ್ಟಿಗೆ ಒತ್ತಿದೆ. ಕಳೆದ ಒಂದು ಗಂಟೆಯದೋ, 24 ಗಂಟೆಯದೋ, 7 ದಿನದ್ದೋ, 4 ವಾರದ್ದೋ, ಯಾವುದನ್ನು ಅಳಿಸಲಿ ಎಂದು ಕೇಳಿತು. ಕೊನೆಯಲ್ಲಿ 'ಎಲ್ಲಾ ಸಮಯ' ಅಂತಲೂ ಇತ್ತು. ಕ್ಯಾಶಿಯರ್ ಆದವನು ಅರ್ಧ ಲೆಕ್ಕ ಬಿಟ್ಟು ಏಳುತ್ತಾನೆಯೇ? ಎಲ್ಲಾ ಸಮಯ ಅಂದೆ. ಹಿಸ್ಟರಿ, ಕುಕ್ಕಿ, ಕ್ಯಾಶ್, ಕಂಡ ಕಂಡ ಚೌಕಕ್ಕೆಲ್ಲ ಟಿಕ್ ಹಾಕಿದೆ. ಹುಡುಗ ಫೋನಿನಲ್ಲಿ ಏನೋ ಅನ್ನುತ್ತಿದ್ದ, ಅಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು.

ಪುಟ ತೆರೆಯಿತು. ಮೊದಲ ಸಲವಾದ್ದರಿಂದ ಸ್ವಲ್ಪ ನಿಧಾನ, ಆದರೆ ಸೀರೆಗಳೆಲ್ಲ ಝಗಝಗ ಎಂದು ಬಂದವು. ಬುಟ್ಟಿ ಮಾತ್ರ ಖಾಲಿ.

"ಕುಕ್ಕಿ ಮುಟ್ಬೇಡಿ ಅಂತಿದ್ದೆ" ಅಂದ ಹುಡುಗ.

ವೆಬ್ಬಿಗೆ ಹುಟ್ಟಿನಿಂದಲೇ ಮರೆವು. ಒಂದು ಪುಟ ಕೇಳಿದವನೇ ಮರುಗಳಿಗೆ ಇನ್ನೊಂದು ಕೇಳಿದರೂ ಅದಕ್ಕೆ ಯಾರೋ ಹೊಸಬ. ಇದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬ ಎಂಜಿನಿಯರ್ ಕಂಡುಕೊಂಡ ಉಪಾಯ ಕುಕ್ಕಿ. ಅಂಗಡಿಯ ಪುಟ ನಮ್ಮ ಬ್ರೌಸರಿನ ಕೈಗೆ ಒಂದು ಚೀಟಿ ಕೊಡುತ್ತದೆ. ಪ್ರತಿ ಸಲ ಅದನ್ನು ತೋರಿಸಿದರೆ ಗುರುತು ಸಿಗುತ್ತದೆ. ಅವತ್ತು ಬಗೆಹರಿಸಬೇಕಿದ್ದ ತೊಡಕೂ ಇದೇ ಅಂತೆ, ಗಿರಾಕಿಯ ಬುಟ್ಟಿಯಲ್ಲಿ ಏನಿದೆ ಎಂದು ನೆನಪಿಡುವುದು. ಕುಕ್ಕಿ ಹುಟ್ಟಿದ್ದೇ ಬುಟ್ಟಿ ಕಾಯಲಿಕ್ಕೆ. ಅದನ್ನೇ ನಾನು ಗುಡಿಸಿ ಹಾಕಿದ್ದೆ.

ಇದಕ್ಕೆ ನಮ್ಮಲ್ಲಿ ಹಿತ್ತಾಳೆ ಟೋಕನ್ ಇತ್ತು. ಚೆಕ್ ಕೊಟ್ಟವರಿಗೆ ನಂಬರಿನ ಬಿಲ್ಲೆ. ಬಿಲ್ಲೆ ತಂದವರಿಗೆ ದುಡ್ಡು. ಒಮ್ಮೆ ಜಗಳೂರಿನ ಕಡೆಯ ಅಜ್ಜ ಒಬ್ಬರು ಟೋಕನ್ ಎಲ್ಲೋ ಬೀಳಿಸಿಕೊಂಡು ಬಂದು ಕೌಂಟರಿನ ಕಂಬಿ ಹಿಡಿದು ನಿಂತರು. "ನಾನು ನಾನೇ ಕಣಪ್ಪಾ" ಅಂದರು. ನೀವು ನೀವೇ ಅಂತ ನಂಗೊತ್ತು ಅಜ್ಜಾ, ರಿಜಿಸ್ಟರಿಗೆ ಗೊತ್ತಿಲ್ಲ ಅಂದಿದ್ದೆ. ಬರೆಸಿಕೊಂಡು ದುಡ್ಡು ಕೊಡುವ ಹೊತ್ತಿಗೆ ಅವರ ಬಸ್ಸು ಹೋಗಿತ್ತು.

ಆ ಸಂಜೆ ಅಜ್ಜನ ಜಾಗದಲ್ಲಿ ನಾನು. ಈಮೇಲ್ ಯಾರು ನೀನು ಅಂದಿತು. ರೈಲು ಟಿಕೆಟಿನ ಪುಟವೂ ಅಂದಿತು. ನನ್ನದೇ ಬ್ಯಾಂಕಂತೂ ಮೊದಲೇ ಯಾರನ್ನೂ ನಂಬುವುದಿಲ್ಲ. ಒಂದೊಂದಕ್ಕೂ ಪಾಸ್‌ವರ್ಡ್, ಮೇಲೊಂದು ಓಟಿಪಿ. ನಾನು ನಾನೇ ಕಣಪ್ಪಾ!

ಒಂದು ಲಾಭವೂ ಆಯಿತು ಅನ್ನಿ. ಯಾವತ್ತೋ ಒಮ್ಮೆ ಮಂಡಿನೋವಿನ ಪಟ್ಟಿ ಹುಡುಕಿದ್ದಕ್ಕೆ ಎಲ್ಲಿ ಹೋದರೂ ಮಂಡಿಪಟ್ಟಿಯ ಜಾಹೀರಾತು ಹಿಂದೆ ಬರುತ್ತಿತ್ತು. ಬೆನ್ನು ಹತ್ತುವ ಆ ಕುಕ್ಕಿಗಳೂ ಹೋದವು. ಹುಡುಗ ಆಮೇಲೆ ಹೇಳಿದ. ಮೊದಲು ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಅಂದರೆ ಹಳೇ ಡಬ್ಬ, ಹಳೇ ಚೀಟಿ ಯಾವುದನ್ನೂ ಮುಟ್ಟದ ಬ್ರೌಸರಿನ ಬೇರೆ ಕಿಟಕಿಯಲ್ಲಿ, ತೆರೆದು ನೋಡಬೇಕಿತ್ತಂತೆ. ಅಲ್ಲಿ ಸರಿಯಾಗಿ ಬಂದರೆ ಕ್ಯಾಶ್ ಒಂದಕ್ಕೇ ಟಿಕ್ ಹಾಕಿದರೆ ಸಾಕಿತ್ತಂತೆ. ಬುದ್ಧಿಮಾತು ಯಾವತ್ತೂ ಬಸ್ಸು ಹೋದ ಮೇಲೇ ಬರುತ್ತದೆ.

ನನ್ನಾಕೆ ಬಯ್ಯಲಿಲ್ಲ. ಅದೇ ಹೆದರಿಕೆ. ಊಟ ಆದ ಮೇಲೆ ಕನ್ನಡಕ ಹಾಕಿಕೊಂಡು ಕೂತಳು. ಬಣ್ಣ, ಅಂಚು, ಸೆರಗು, ಬೆಲೆ ಎಲ್ಲ ಅವಳ ಬಾಯಲ್ಲೇ ಇತ್ತು. ಹತ್ತು ಗಂಟೆಗೆ ಐದು ಸೀರೆ ವಾಪಸ್ ಬುಟ್ಟಿಗೆ ಬಿದ್ದವು.

"ರೀ, ಆರನೇದು ಯಾವ್ದಿತ್ತು? ನಾಲ್ಕು ದಿನ ಪಕ್ಕದಲ್ಲೇ ಕೂತಿದ್ರಲ್ಲ."

"ನೀಲಿ ಅಲ್ವಾ?" ಅಂದೆ.

ನೀಲಿ ಒಂದೂ ಇರಲಿಲ್ಲವಂತೆ.