ನಿನ್ನೆ ರಾತ್ರಿ ನಿದ್ದೆಯಲ್ಲಿ ನನಗೆ 61 ಅಂಕ

ಬೆಳಿಗ್ಗೆ ತಂಗಿ ಫೋನ್ ಮಾಡಿದ್ದಳು. ಮಾತಿನ ನಡುವೆ ಸುಮ್ಮನೆ, "ರಾತ್ರಿ ಚೆನ್ನಾಗಿ ನಿದ್ದೆ ಬಂತೇ?" ಎಂದು ಕೇಳಿದಳು. ನಾನು, "ಒಂದು ನಿಮಿಷ ಇರು, ನೋಡಿ ಹೇಳುತ್ತೇನೆ" ಎಂದೆ.

ಆ ಕಡೆ ಮೌನ. ಆಮೇಲೆ ಅವಳು ನಕ್ಕ ನಗು ಇನ್ನೂ ಕಿವಿಯಲ್ಲಿದೆ. "ಏನನ್ನು ನೋಡುತ್ತೀಯ? ಮಲಗಿದ್ದವನು ನೀನೇ ತಾನೇ?"

ಮಲಗಿದ್ದವನು ನಾನೇ. ಎದ್ದಾಗ ಮೈ ಹಗುರವಾಗಿತ್ತು, ಅಲಾರಂಗಿಂತ ಮೊದಲೇ ಎಚ್ಚರವಾಗಿತ್ತು, ಏನೋ ಹಾಡು ಗುನುಗುತ್ತಲೂ ಇದ್ದೆ. ಅಷ್ಟಾದರೂ ನನಗೆ ನಿದ್ದೆ ಬಂದಿತ್ತೋ ಇಲ್ಲವೋ ಎಂಬುದನ್ನು ಮಣಿಕಟ್ಟಿನ ಗಡಿಯಾರವೇ ಹೇಳಬೇಕಿತ್ತು. ಅದು ಹೇಳಿತು: 61. ನೂರಕ್ಕೆ. ಗಾಢ ನಿದ್ದೆ 38 ನಿಮಿಷ. ಕೆಳಗೆ ಒಂದು ಉಪದೇಶ ಬೇರೆ: ಇಂದು ನಿಮ್ಮ ದೇಹಕ್ಕೆ ವಿಶ್ರಾಂತಿ ಬೇಕು. ಓದಿ ಮುಗಿಸುವಷ್ಟರಲ್ಲಿ ನನ್ನ ಕಣ್ಣು ಉರಿಯತೊಡಗಿತ್ತು. ಹಾಡು ಎಲ್ಲಿ ಹೋಯಿತೋ ಗೊತ್ತಿಲ್ಲ.

ನನ್ನನ್ನು ಬಲ್ಲವರಿಗೆ ಪರೀಕ್ಷೆಗೂ ನನಗೂ ಇರುವ ಹಳೆಯ ವೈರ ಗೊತ್ತೇ ಇದೆ. ಶಾಲೆ ಬಿಟ್ಟು ಎಷ್ಟೋ ವರ್ಷಗಳಾದವು, ಈಗಲೂ ಗಣಿತದ ಪ್ರಶ್ನೆಪತ್ರಿಕೆ ಕನಸಿನಲ್ಲಿ ಬರುತ್ತದೆ. ಅಂಥ ಕನಸು ಬೀಳುವ ನಿದ್ದೆಗೇ ಈಗ ಅಂಕ ಕೊಡುತ್ತಾರೆ ಎಂದರೆ ಏನು ಹೇಳಲಿ!

ಈ ಅಂಕ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಕಣ್ಣುಗುಡ್ಡೆಗಳು ರೆಪ್ಪೆಯ ಹಿಂದೆ ಸರಸರನೆ ಓಡಾಡುವ, ಕನಸು ತುಂಬಿದ ಆ ನಿದ್ದೆಯ ಘಟ್ಟವನ್ನು 1953ರಲ್ಲಿ ಜಗತ್ತಿಗೆ ತಿಳಿಸಿದವರು ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಆಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್. ಆಸೆರಿನ್‌ಸ್ಕಿ ತನ್ನ ಎಂಟು ವರ್ಷದ ಮಗನ ಕಣ್ಣಿನ ಸುತ್ತ ತಂತಿ ಅಂಟಿಸಿ, ರಾತ್ರಿಯೆಲ್ಲ ಯಂತ್ರದ ಮುಂದೆ ಎದ್ದು ಕುಳಿತು ಕಂಡುಕೊಂಡ ಸಂಗತಿ ಅದು. ಇಂದಿಗೂ ನಿದ್ದೆಯ ಪ್ರಯೋಗಾಲಯದಲ್ಲಿ ಮಿದುಳಿನ ಅಲೆ, ಕಣ್ಣಿನ ಚಲನೆ, ಗದ್ದದ ಸ್ನಾಯುವಿನ ಬಿಗಿತ ಎಲ್ಲವನ್ನೂ ಅಳೆಯುತ್ತಾರೆ. ನನ್ನ ಗಡಿಯಾರದ ಬಳಿ ಇರುವುದು ಕೈ ಅಲುಗಿತೇ ಎಂದು ನೋಡುವ ಒಂದು ಸಂವೇದಕ, ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ನಾಡಿ ಎಣಿಸುವ ಇನ್ನೊಂದು. ಕಣ್ಣೆಲ್ಲಿ, ಮಣಿಕಟ್ಟೆಲ್ಲಿ? ಮಿಕ್ಕಿದ್ದೆಲ್ಲ ಅಂದಾಜು. ಆದರೆ ಅಂದಾಜು ಎಂದು ಅದು ಎಲ್ಲೂ ಹೇಳುವುದಿಲ್ಲ. 38 ನಿಮಿಷ ಎನ್ನುತ್ತದೆ. ಸುಮಾರು ಮೂವತ್ತೈದೋ ನಲವತ್ತೋ ಎಂದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಆ ಎಂಟು ನೋಡಿ, ಎಷ್ಟು ಠೀವಿ ಅದಕ್ಕೆ!

ಕಳೆದ ತಿಂಗಳು ಒಂದು ರಾತ್ರಿ ನಿದ್ದೆ ಬಾರದೆ ಅಂಗಾತ ಮಲಗಿ ಒಂದೂವರೆ ಗಂಟೆ ಕಾದಂಬರಿ ಓದಿದೆ. ಪುಟ ತಿರುಗಿಸಿದ್ದು ಬಲಗೈ, ಗಡಿಯಾರ ಇದ್ದದ್ದು ಎಡಗೈಯಲ್ಲಿ. ಎಡಗೈ ಅಲುಗಲಿಲ್ಲ. ಮರುದಿನ ನೋಡಿದರೆ ಅಷ್ಟೂ ಹೊತ್ತನ್ನು ಗಡಿಯಾರ ನಿದ್ದೆಯ ಲೆಕ್ಕಕ್ಕೆ ಬರೆದುಕೊಂಡಿದೆ. ಅಂಕ 79! ಓದಿದ ರಾತ್ರಿಗೆ 79, ಮಲಗಿದ ರಾತ್ರಿಗೆ 61. ಅಲುಗದೆ ಬಿದ್ದಿರುವುದಕ್ಕೂ ನಿದ್ದೆಗೂ ಇರುವ ವ್ಯತ್ಯಾಸ ಈ ಯಂತ್ರಗಳಿಗೆ ಸರಿಯಾಗಿ ಹತ್ತುವುದಿಲ್ಲ ಎಂದು ತಿಳಿದವರು ಹೇಳುತ್ತಲೇ ಬಂದಿದ್ದಾರೆ. ನನಗೆ ಕಾದಂಬರಿಯೇ ಸಾಕ್ಷಿ.

ತಮಾಷೆ ಎಂದರೆ ಇಷ್ಟೆಲ್ಲ ಗೊತ್ತಿದ್ದೂ ನಾನು ನಂಬುತ್ತೇನೆ. 2014ರಲ್ಲಿ ಅಮೆರಿಕದ ಕೊಲರಾಡೋ ಕಾಲೇಜಿನ ಒಂದು ಪ್ರಯೋಗ ಪ್ರಕಟವಾಯಿತು. ಬಂದವರಿಗೆ ಏನೇನೋ ತಂತಿ ಅಂಟಿಸಿ, ನಿಮ್ಮ ಕನಸಿನ ನಿದ್ದೆಯ ಪಾಲು ಇಷ್ಟು ಎಂದು ಒಂದು ಸಂಖ್ಯೆ ಹೇಳಿದರು. ಕೆಲವರಿಗೆ ಶೇಕಡಾ 28.7, ಅಂದರೆ ಒಳ್ಳೆಯ ನಿದ್ದೆ; ಕೆಲವರಿಗೆ ಶೇಕಡಾ 16.2, ಅಂದರೆ ಕಳಪೆ ನಿದ್ದೆ. ಎರಡೂ ಕಟ್ಟುಕಥೆ. ಆಮೇಲೆ ಕೂಡುವ ಲೆಕ್ಕ ಕೊಟ್ಟರೆ, ಚೆನ್ನಾಗಿ ನಿದ್ದೆ ಮಾಡಿದ್ದೀರಿ ಎಂದು ಕೇಳಿಸಿಕೊಂಡವರು ಚೆನ್ನಾಗಿ ಮಾಡಿದರು, ಇಲ್ಲ ಎಂದು ಕೇಳಿಸಿಕೊಂಡವರು ಸೋತರು. ಅದನ್ನು ಓದಿದಾಗ ನಗು ಬಂತು. ನಗುತ್ತಿದ್ದ ಆ ದಿನ ನನ್ನ ಅಂಕ 58 ಇತ್ತು, ಮಧ್ಯಾಹ್ನದ ಸಭೆಯಲ್ಲಿ ಆಕಳಿಸುತ್ತಿದ್ದೆ.

ಈಗ ಯಾರಾದರೂ ಬಂದು ಹೇಳಿಯೇ ಹೇಳುತ್ತೀರಿ: ಗಡಿಯಾರದಿಂದ ಪ್ರಯೋಜನವೂ ಇದೆ ಸ್ವಾಮಿ, ಎದೆಬಡಿತದ ಏರುಪೇರು ಹಿಡಿದುಕೊಡುತ್ತದೆ, ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಗುರುತಿಸುತ್ತದೆ. ಒಪ್ಪಿದೆ. ಅಂಥ ತೊಂದರೆ ಇರುವವರು ಕಟ್ಟಿಕೊಳ್ಳಲಿ, ವೈದ್ಯರಿಗೆ ತೋರಿಸಲಿ. ನನಗೆ ಇದ್ದದ್ದು ಅಂಥ ಯಾವ ಕಾಯಿಲೆಯೂ ಅಲ್ಲ. ಇದ್ದ ಒಂದು ಕಾಯಿಲೆಯನ್ನೂ ಗಡಿಯಾರವೇ ತಂದುಕೊಟ್ಟದ್ದು. ಅದಕ್ಕೂ ಹೆಸರಿದೆ: ಆರ್ಥೋಸೋಮ್ನಿಯಾ. 2017ರಲ್ಲಿ ನಿದ್ರಾತಜ್ಞರು ಇಟ್ಟ ಹೆಸರು. ಯಂತ್ರದ ಅಂಕ ಸರಿಪಡಿಸಲು ಹೋಗಿ ಇದ್ದ ನಿದ್ದೆಯನ್ನೂ ಕಳೆದುಕೊಂಡವರನ್ನು ಕಂಡು ಇಟ್ಟದ್ದು. ಪ್ರಯೋಗಾಲಯದಲ್ಲಿ ತಂತಿ ಹಚ್ಚಿ, ನಿಮಗೆ ಗಾಢ ನಿದ್ದೆ ಬಂದಿದೆ ಎಂದು ತೋರಿಸಿದರೂ ಒಬ್ಬರು, ಹಾಗಾದರೆ ನನ್ನ ಯಂತ್ರ ಇಲ್ಲ ಎನ್ನುತ್ತಿದೆಯಲ್ಲ ಎಂದು ವಾದಿಸಿದರಂತೆ. ಅವರು ನನಗೆ ದಾಯಾದಿಯೇ ಇರಬೇಕು.

ಹೇಳಬಾರದೆಂದಿದ್ದೆ, ಹೇಳಿಬಿಡುತ್ತೇನೆ. ಹೋದ ವಾರ ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತು. ಬಾಯಾರಿತ್ತು. ನೀರಿನ ಬಾಟಲಿ ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿದರೆ ಗಡಿಯಾರಕ್ಕೆ ಎಚ್ಚರ ಗೊತ್ತಾಗುತ್ತದೆ, ಅಂಕ ಇಳಿಯುತ್ತದೆ ಎಂದು ಕೈ ಅಲುಗಿಸದೆ ಬಿದ್ದುಕೊಂಡೆ. ಅರ್ಧ ಗಂಟೆ! ಹೊದಿಕೆಯೊಳಗೆ, ಗಂಟಲು ಒಣಗಿಸಿಕೊಂಡು, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೆ ಹೆದರಿದ ಹುಡುಗನ ಹಾಗೆ. ಆ ಅರ್ಧ ಗಂಟೆಯನ್ನು ಅದು ಗಾಢ ನಿದ್ದೆ ಎಂದು ಬರೆದಿತ್ತು. ನನಗೆ ಖುಷಿಯಾಯಿತು, ಅದೇ ನಾಚಿಕೆಗೇಡು.

ನಮ್ಮ ಮಾತಿನಲ್ಲಿ ನಿದ್ದೆಗೆ ಎಷ್ಟು ಹೆಸರುಗಳಿವೆ: ಜೊಂಪು, ಮಂಪರು, ತೂಕಡಿಕೆ, ಕೋಳಿನಿದ್ದೆ, ಬೆಳಗಿನ ಜಾವದ ಸವಿನಿದ್ದೆ. ಒಂದೊಂದಕ್ಕೂ ಒಂದೊಂದು ರುಚಿ. ಗಡಿಯಾರಕ್ಕೆ ಗೊತ್ತಿರುವುದು ನಾಲ್ಕು ಬಣ್ಣದ ಪಟ್ಟಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಆ ಪುಣ್ಯಾತ್ಮನ ಕೈಗೆ ಇದೊಂದನ್ನು ಕಟ್ಟಿ ನೋಡಬೇಕು. ಸುತ್ತಲಿನ ಸದ್ದು ಹೆಚ್ಚಾಗಿದೆ ಎಂದು ಎಬ್ಬಿಸಿ ಹೇಳೀತು.

ತಂಗಿಗೆ ಸಂಜೆ ಮತ್ತೆ ಫೋನ್ ಮಾಡಿ, ನಿದ್ದೆ ಚೆನ್ನಾಗಿ ಬಂದಿತ್ತು ಎಂದು ಹೇಳಿದೆ. ಗಡಿಯಾರ ಬಿಚ್ಚಿ ಮೇಜಿನ ಡ್ರಾಯರ್‌ಗೆ ಹಾಕಿದ್ದೇನೆ ಎಂದೂ ಹೇಳಿದೆ. ಅದು ನಿಜ. ಚಾರ್ಜ್ ಮಾಡಿ ಹಾಕಿದ್ದೇನೆ ಎಂಬುದನ್ನು ಮಾತ್ರ ಹೇಳಲಿಲ್ಲ.