ದಂಡ ಕಟ್ಟಿದರೆ ಕೇಸು ಮುಗಿಯಿತು ಅನ್ನುವವರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಬಾರ್ ಅಥವಾ ವೈನ್ ಶಾಪ್ ಲೈಸೆನ್ಸ್ ಕೈ ಬದಲಾಗುವಾಗ ಮೊದಲು ಮಾತಾಗುವುದು ರೇಟು, ಆಮೇಲೆ ಅಡ್ವಾನ್ಸ್, ಆಮೇಲೆ ಜಾಗ. ತಗೊಳ್ಳುವವರ ಮೇಲೆ ಹಿಂದೆ ಯಾವುದಾದರೂ ಕೇಸಿತ್ತಾ, ಇದ್ದರೆ ಅದು ಏನಾಯಿತು ಎಂಬ ಪ್ರಶ್ನೆ ಏಳುವುದು ಪೊಲೀಸ್ ವರದಿ ಕೇಳಿದ ದಿನ. ಅಷ್ಟರಲ್ಲಿ ದುಡ್ಡು ಕೈ ದಾಟಿರುತ್ತದೆ. ಕೇಸಿನ ಮಾತು ಮೊದಲು, ರೇಟಿನ ಮಾತು ಆಮೇಲೆ ಆಗಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ 1992ರಿಂದ ಹೊಸ ಸಿಎಲ್-2 (ವೈನ್ ಶಾಪ್) ಮತ್ತು ಸಿಎಲ್-9 (ಬಾರ್) ಸನ್ನದು, ಅಂದರೆ ಲೈಸೆನ್ಸ್, ಕೊಡುವುದು ನಿಂತಿತ್ತು. ಬಳಕೆಯಲ್ಲಿಲ್ಲದ ಸನ್ನದುಗಳನ್ನು ಹರಾಜು ಹಾಕುವ ಮಾತು ಬಂದದ್ದು 2025-26ರ ಬಜೆಟ್ಟಿನಲ್ಲಿ. ಹಾಗಾಗಿ 'ಲೈಸೆನ್ಸ್ ತಗೊಂಡ್ರು' ಅಂದರೆ ಹೆಚ್ಚಿನ ಸಲ ಇನ್ನೊಬ್ಬರ ಸನ್ನದನ್ನು ವರ್ಗಾವಣೆ ಮಾಡಿಸಿಕೊಂಡರು ಅಂತಲೇ ಅರ್ಥ. ಸೈಟು ಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದ ಹಾಗೆ ಅಲ್ಲ ಇದು. ವರ್ಗಾವಣೆಯೂ ಒಂದು ಅರ್ಜಿ, ಅದನ್ನು ಒಪ್ಪುವುದು ಬಿಡುವುದು ಸರ್ಕಾರದ ಕೈಯಲ್ಲಿದೆ. ಹೆಂಡದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು ನಮ್ಮದೇ ರಾಜ್ಯದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ. 'ನಂಗೆ ಕೊಡ್ಲೇಬೇಕು' ಎಂಬ ವಾದಕ್ಕೆ ಇಲ್ಲಿ ನೆಲೆ ಕಡಿಮೆ.

ಕರ್ನಾಟಕ ಅಬಕಾರಿ ಕಾಯ್ದೆ, 1965ರ 29ನೇ ಕಲಂ ಓದಿ. ಸನ್ನದನ್ನು ಅಮಾನತು ಅಥವಾ ರದ್ದು ಮಾಡಲು ಯಾವ ಯಾವ ಕಾರಣ ಸಾಕು ಎಂದು ಅಲ್ಲಿದೆ. ಅದರಲ್ಲಿ ಸನ್ನದುದಾರನಿಗೆ ಆದ ಶಿಕ್ಷೆಯೂ ಒಂದು. ಆ ಶಿಕ್ಷೆ ಮುಖ್ಯವಾಗಿ ಎರಡು ಬಗೆ. ಇದೇ ಅಬಕಾರಿ ಕಾಯ್ದೆಯ ಅಪರಾಧಕ್ಕೆ ಆದದ್ದು ಮೊದಲನೆಯದು. ಬೇರೆ ಯಾವುದೇ ಕಾನೂನಿನಡಿ ಸಂಜ್ಞೇಯವೂ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಜಾಮೀನುರಹಿತವೂ ಆದ ಅಪರಾಧಕ್ಕೆ ಆದದ್ದು ಎರಡನೆಯದು. ಕೊಟ್ಟ ಸನ್ನದನ್ನೇ ಕಿತ್ತುಕೊಳ್ಳಲು ಸಾಕಾಗುವ ಕಾರಣ ಇರುವವರಿಗೆ ಹೊಸದಾಗಿ ಕೊಡಲು ಯಾವ ಅಧಿಕಾರಿಯೂ ಹಿಂದೆ ಮುಂದೆ ನೋಡುತ್ತಾರೆ.

ಹೆಚ್ಚಿನವರು ಎಡವುವುದು ಈ ಎರಡು ಬಗೆಯ ವ್ಯತ್ಯಾಸದಲ್ಲಿ. ಎರಡನೆಯ ಬಗೆಯಲ್ಲಿ ಅಪರಾಧ ಎಷ್ಟು ದೊಡ್ಡದು ಎಂಬ ಲೆಕ್ಕವಿದೆ, ಮೊದಲನೆಯದರಲ್ಲಿ ಇಲ್ಲ. ಬೈಕ್ ಅಪಘಾತದಲ್ಲಿ ಒಬ್ಬರು ತೀರಿಹೋಗಿ ಹಳೇ ಐಪಿಸಿ 304(ಎ) ಅಡಿ ಶಿಕ್ಷೆಯಾಗಿದ್ದರೂ ಅದು ಜಾಮೀನು ಸಿಗುವ ಅಪರಾಧ, ಈ ಮಾತಿನೊಳಗೆ ಬರುವುದಿಲ್ಲ. ತೋಟದ ಬೇಲಿ ಜಗಳದಲ್ಲಿ ಕೈ ಮಾಡಿದ 323ನೇ ಕಲಮಿನ ಕೇಸೂ ಬರುವುದಿಲ್ಲ. ಅದೇ ಲೈನ್‌ಮನ್ ಮೇಲೋ ಫಾರೆಸ್ಟ್ ಗಾರ್ಡ್ ಮೇಲೋ ಕೈ ಎತ್ತಿ 353ರಲ್ಲಿ ಶಿಕ್ಷೆಯಾದರೆ ಬರುತ್ತದೆ. ಕಳ್ಳತನದ 379 ಕೂಡ ಬರುತ್ತದೆ. 2024ರ ಜುಲೈ 1ರ ನಂತರದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ ನಂಬರುಗಳು: 304(ಎ)ಗೆ 106(1), 353ಕ್ಕೆ 132, 379ಕ್ಕೆ 303(2). ವಿಶೇಷ ಕಾಯ್ದೆಗಳಲ್ಲಿ ಜಾಮೀನಿನ ಬಗ್ಗೆ ಏನೂ ಬರೆದಿಲ್ಲದಿದ್ದರೆ, ಹಳೇ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯ ಎರಡನೇ ಭಾಗ ನೋಡಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯಾದರೆ ಜಾಮೀನು ಸಿಗುವಂಥದ್ದು, ಮೂರು ವರ್ಷ ಮತ್ತು ಮೇಲ್ಪಟ್ಟರೆ ಜಾಮೀನುರಹಿತ.

ಈಗ ಅಬಕಾರಿ ಕಾಯ್ದೆಯ 15(ಎ) ಕೇಸಿಗೆ ಬನ್ನಿ. ಮಲೆನಾಡಿನಲ್ಲಿ ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇದರಲ್ಲೇ. ಬಸ್ ಸ್ಟ್ಯಾಂಡ್ ಪಕ್ಕದ ಮೀನೂಟದ ಹೋಟೆಲು, ಚಿಕನ್ ಕಬಾಬ್ ಗಾಡಿ, ಹೊಳೆ ದಂಡೆಯ ಗೂಡಂಗಡಿ. ಗಿರಾಕಿ ತಂದ ಬಾಟಲಿಗೆ ಲೋಟ, ನೀರು ಕೊಟ್ಟಿರುತ್ತಾರೆ. ಪೊಲೀಸರು ಬಂದು ಸಾರ್ವಜನಿಕ ಸ್ಥಳದಲ್ಲಿ ಕುಡಿಯಲು ಅವಕಾಶ ಕೊಟ್ಟ ಬಗ್ಗೆ 15(ಎ), 32(3) ಹಾಕುತ್ತಾರೆ. ಕೆಲವು ತಿಂಗಳ ನಂತರ ಸಮನ್ಸ್ ಬರುತ್ತದೆ. ಕೋರ್ಟಿನಲ್ಲಿ ಹೆಸರು ಕೂಗುತ್ತಾರೆ, ಇವರು ಕೈ ಮುಗಿದುಕೊಂಡು ಕಟಕಟೆ ಹತ್ತುತ್ತಾರೆ. ಆರೋಪ ಓದಿ ಹೇಳಿ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. 'ಹೌದು ಸ್ವಾಮಿ.' ದಂಡ ಕಟ್ಟಿ, ರಸೀದಿ ಮಡಚಿ ಜೇಬಿಗಿಟ್ಟು, ಮಧ್ಯಾಹ್ನದೊಳಗೆ ಅಂಗಡಿ ಬಾಗಿಲು ತೆಗೆದಿರುತ್ತಾರೆ. ಇವರ ಲೆಕ್ಕದಲ್ಲಿ ಕೇಸು ಮುಗಿಯಿತು. ಕೋರ್ಟಿನ ಕಡತದಲ್ಲಿ ಮಾತ್ರ 'ಆರೋಪಿ ತಪ್ಪೊಪ್ಪಿಕೊಂಡಿದ್ದರಿಂದ ದೋಷಿ' ಎಂಬ ಸಾಲು ಉಳಿಯಿತು. ಅದು ಶಿಕ್ಷೆ, ಅದೂ ಅಬಕಾರಿ ಕಾಯ್ದೆಯಡಿ ಆದ ಶಿಕ್ಷೆ. ಲೈಸೆನ್ಸಿನ ಮಟ್ಟಿಗೆ ಅಪಘಾತದ ಸಾವಿನ ಕೇಸಿಗಿಂತ ಈ ಒಂದು ಲೋಟದ ಕೇಸು ಭಾರ.

ಇನ್ನೊಂದು ತೊಂದರೆಯಿದೆ. ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ಶಿಕ್ಷೆಯ ಮೇಲೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ತಪ್ಪೊಪ್ಪಿಕೊಂಡ ಮೇಲೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಶಿಕ್ಷೆಯ ಪ್ರಮಾಣ ಹೆಚ್ಚಾಯಿತು ಅಥವಾ ಕಾನೂನಿಗೆ ಹೊಂದುವುದಿಲ್ಲ ಅನ್ನಬಹುದೇ ಹೊರತು ನಾನು ತಪ್ಪು ಮಾಡಿಲ್ಲ ಅನ್ನಲು ಬರುವುದಿಲ್ಲ. 'ದಂಡ ಕಟ್ಟಿ ಬಿಡಿ ಮಾರಾಯ್ರೆ, ಯಾರು ಅಲೆಯುತ್ತಾರೆ' ಅನ್ನುವ ವಕೀಲ ಮಿತ್ರರಲ್ಲಿ ಒಂದು ವಿನಂತಿ. ಕಕ್ಷಿದಾರ ಮುಂದೆ ಲೈಸೆನ್ಸಿನ ಯಾವುದಾದರೂ ವ್ಯಾಪಾರಕ್ಕೆ ಇಳಿಯಬಹುದಾ ಎಂದು ಆ ಮಾತಿಗೆ ಮುಂಚೆ ಒಮ್ಮೆ ಕೇಳಿ. ಶಿಕ್ಷೆ ತಪ್ಪದು ಅನ್ನಿಸಿದರೆ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 3 ಅಥವಾ 4ನೇ ಕಲಮಿನ ಲಾಭ ಅಲ್ಲೇ ಕೇಳಿ. ಕೋರ್ಟು ಎಚ್ಚರಿಕೆ ಕೊಟ್ಟು ಅಥವಾ ಬಾಂಡ್ ಬರೆಸಿಕೊಂಡು ಬಿಟ್ಟರೆ, ಅದೇ ಕಾಯ್ದೆಯ 12ನೇ ಕಲಂ ಪ್ರಕಾರ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ದೋಷಿ ಎಂಬ ತೀರ್ಮಾನ ಅಳಿಸಿಹೋಗುವುದಿಲ್ಲ ನಿಜ, ಆದರೆ ಅರ್ಜಿ ಹಾಕುವ ದಿನ ಕೈಯಲ್ಲಿ ಹಿಡಿಯಲು ಒಂದು ಆಧಾರ ಇರುತ್ತದೆ. ಇದನ್ನು ತೀರ್ಪಿನ ದಿನ ಬಾಯಿಬಿಟ್ಟು ಕೇಳುವವರೇ ಕಡಿಮೆ.

ಶಿಕ್ಷೆಯಾಗಿ ಮೇಲ್ಮನವಿ ಹಾಕಿದವರದು ಬೇರೆಯೇ ತಪ್ಪು ತಿಳಿವಳಿಕೆ. 'ಸ್ಟೇ ಸಿಕ್ಕಿದೆ' ಅನ್ನುತ್ತಾರೆ. ಆದೇಶ ತೆಗೆದು ನೋಡಿದರೆ ಅಮಾನತಾಗಿರುವುದು ಶಿಕ್ಷೆಯ ಜಾರಿ ಮಾತ್ರ. ಅಂದರೆ ಜೈಲಿಗೆ ಹೋಗುವುದು ಸದ್ಯಕ್ಕೆ ತಪ್ಪಿದೆ, ದೋಷಿ ಎಂಬ ತೀರ್ಮಾನ ಹಾಗೇ ಇದೆ. ಆ ತೀರ್ಮಾನಕ್ಕೇ ತಡೆ ಬೇಕಿದ್ದರೆ ಪ್ರತ್ಯೇಕವಾಗಿ ಕೇಳಬೇಕು, ಇಂಥ ಅನರ್ಹತೆ ಬರುತ್ತದೆ ಎಂದು ಬಿಡಿಸಿ ಹೇಳಬೇಕು, ಕೋರ್ಟು ಅಪರೂಪಕ್ಕೆ ಕೊಡುತ್ತದೆ.

ಕೇಸು ಬೇರೆ, ಶಿಕ್ಷೆ ಬೇರೆ. ಎಫ್‌ಐಆರ್ ಆಗಿದೆ, ಚಾರ್ಜ್‌ಶೀಟ್ ಬಿದ್ದಿದೆ ಅಂದ ಮಾತ್ರಕ್ಕೆ 29ನೇ ಕಲಂ ತಾಗುವುದಿಲ್ಲ. ಖುಲಾಸೆಯಾದರೆ, ಹೈಕೋರ್ಟು ರದ್ದು ಮಾಡಿದರೆ, ಕಾನೂನು ಒಪ್ಪುವ ಕಲಮುಗಳಲ್ಲಿ ರಾಜಿಯಾದರೆ ಶಿಕ್ಷೆಯೇ ಇಲ್ಲ. ರಾಜಿಗೆ ಖುಲಾಸೆಯಷ್ಟೇ ಬೆಲೆ. ಆದರೆ ಪೊಲೀಸ್ ವರದಿಯಲ್ಲಿ ಇವೆಲ್ಲ ಕಾಣಿಸಿಕೊಳ್ಳುತ್ತವೆ, ಕೊನೆಗೆ ಏನಾಯಿತು ಎಂಬುದು ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಅದನ್ನು ತುಂಬಿಸುವ ಕೆಲಸ ಅರ್ಜಿದಾರರದೇ. ಅಡ್ವಾನ್ಸ್ ಕೊಡುವ ಮುಂಚೆ ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ, ಠಾಣೆ ಮತ್ತು ಕ್ರೈಂ ನಂಬರ್ ಹಾಕಿ ಹುಡುಕಿ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದಿರುತ್ತಾರೆ, ನಾಲ್ಕೂ ಥರ ಹುಡುಕಿ. ಸಿಕ್ಕ ಪ್ರತಿ ಕೇಸಿಗೆ ತೀರ್ಪಿನ ದೃಢೀಕೃತ ನಕಲು ತೆಗೆಸಿ, ಮೊಬೈಲಿನಲ್ಲಿ ಹೊಡೆದ ಫೋಟೋ ಸಾಲದು. ಬಿ ರಿಪೋರ್ಟ್ (ಕೇಸಿನಲ್ಲಿ ಹುರುಳಿಲ್ಲ ಎಂಬ ಪೊಲೀಸರ ಅಂತಿಮ ವರದಿ) ಆಗಿದ್ದರೆ ಪೊಲೀಸರು ಬರೆದದ್ದಷ್ಟೇ ಅಲ್ಲ, ಮ್ಯಾಜಿಸ್ಟ್ರೇಟ್ ಅದನ್ನು ಒಪ್ಪಿದ ಆದೇಶವೂ ಬೇಕು. ಕಡತ ಹಳೆಯದಾಗಿ ನಾಶವಾಗಿದ್ದರೆ ಹಾಗೆಂದು ನಕಲು ಶಾಖೆಯಿಂದ ಹಿಂಬರಹ ಪಡೆಯಿರಿ. ಪಾಲುದಾರಿಕೆ ಸಂಸ್ಥೆಯಾದರೆ ಪ್ರತಿ ಪಾಲುದಾರರಿಗೂ ಇಷ್ಟೂ ಆಗಬೇಕು.

ಅಫಿಡವಿಟ್ ವಿಷಯಕ್ಕೆ ಬಂದರೆ, ಕೋರ್ಟ್ ರಸ್ತೆಯ ಟೈಪಿಂಗ್ ಅಂಗಡಿಗಳಲ್ಲಿ ಒಂದು ಸಾಲು ಸಿದ್ಧವಾಗಿಯೇ ಇರುತ್ತದೆ: 'ನನ್ನ ಮೇಲೆ ಯಾವುದೇ ಕ್ರಿಮಿನಲ್ ಪ್ರಕರಣ ಇರುವುದಿಲ್ಲ.' ಓದದೆ ಸಹಿ ಹಾಕುತ್ತಾರೆ. ಸುಳ್ಳು ಮಾಹಿತಿ ಕೊಟ್ಟು ಪಡೆದ ಸನ್ನದು ಯಾವತ್ತಿದ್ದರೂ ರದ್ದಿಗೆ ಅರ್ಹ, ಜೊತೆಗೆ ಸುಳ್ಳು ಪ್ರಮಾಣದ ಹೊಸ ಕೇಸು. ಆ ಸಾಲು ತೆಗೆಸಿ ಹೀಗೆ ಬರೆಸಿ: 'ಇಂಥ ಠಾಣೆಯ ಇಂಥ ಕ್ರೈಂ ನಂಬರ್, ಇಂಥ ಕೋರ್ಟಿನ ಇಂಥ ಸಿ.ಸಿ. ನಂಬರಿನ ಪ್ರಕರಣದಲ್ಲಿ ಇಂಥ ದಿನ ಇಂಥ ಕಲಮಿನಡಿ ದಂಡ ಪಾವತಿಸಿರುತ್ತೇನೆ. ನಕಲು ಲಗತ್ತಿಸಿದೆ. ಇದನ್ನು ಬಿಟ್ಟು ಬೇರೆ ಪ್ರಕರಣ ಇರುವುದಿಲ್ಲ.' ಅರ್ಜಿ ತಿರಸ್ಕಾರವಾದರೂ ಅಬಕಾರಿ ಆಯುಕ್ತರಿಗೆ, ಅಲ್ಲಿಂದ ಬೆಂಗಳೂರಿನ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಲು ದಾರಿಯಿದೆ. ಮುಚ್ಚಿಟ್ಟು ಸಿಕ್ಕಿಬಿದ್ದವರ ಮಾತಿಗೆ ಅಲ್ಲಿ ತೂಕ ಇರುವುದಿಲ್ಲ.

ಹೆಂಡತಿ ಹೆಸರಲ್ಲೋ ಭಾವನ ಹೆಸರಲ್ಲೋ ಲೈಸೆನ್ಸ್ ಇಟ್ಟು ತಾವೇ ಗಲ್ಲೆ ಮೇಲೆ ಕೂರುವುದು ನಮ್ಮ ಕಡೆ ಹೊಸತಲ್ಲ. ಅನುಮತಿಯಿಲ್ಲದೆ ಸನ್ನದು ಬೇರೆಯವರ ಕೈಗೆ ಕೊಡುವುದೂ 29ನೇ ಕಲಮಿನಲ್ಲಿದೆ. ಹೆಸರು ಕೊಟ್ಟವರು ಸಹಿ ಮಾತ್ರ ನನ್ನದು ಅಂದುಕೊಂಡಿರುತ್ತಾರೆ. ಅಂಗಡಿ ನಡೆಸುವವರು, ಸಪ್ಲೈ ಹುಡುಗರು ಷರತ್ತು ಮುರಿದರೂ ನೋಟಿಸು ಬರುವುದು ಇವರ ಮನೆಗೆ.

ಸೇಂದಿ, ಕಳ್ಳಬಟ್ಟಿ, ಹಳ್ಳಿ ಹಳ್ಳಿಗೆ ಅಕ್ರಮವಾಗಿ ಪ್ಯಾಕೆಟ್ ಸಾಗಿಸುವ ದಂಧೆಯಲ್ಲಿ ಶಿಕ್ಷೆಯಾದವರಿಗೆ ಬಾರ್ ಕೊಡಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 15(ಎ) ದಂಡವನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಅದಕ್ಕೆ ಕಾಲಮಿತಿಯೇ ಇಲ್ಲದಿರುವುದಂತೂ ಅನ್ಯಾಯ. ಹದಿನೆಂಟರೊಳಗೆ ಆದ ತಪ್ಪಿಗೆ ಬಾಲನ್ಯಾಯ ಕಾಯ್ದೆ 2015ರ 24ನೇ ಕಲಂ ಸಾಮಾನ್ಯವಾಗಿ ರಕ್ಷಣೆ ಕೊಡುತ್ತದೆ, ದಂಡ ಕಟ್ಟಿದ ದೊಡ್ಡವರಿಗೆ ಅಂಥದ್ದೇನೂ ಇಲ್ಲ. ಇಂಗ್ಲೆಂಡಿನಲ್ಲಿ 1974ರ ಕಾನೂನಿನಡಿ ಇಂತಿಷ್ಟು ವರ್ಷ ಸರಿಯಾಗಿ ಬದುಕಿದವರ ಹಳೇ ಶಿಕ್ಷೆ ಕಾಲ ತೀರಿದ ಲೆಕ್ಕಕ್ಕೆ ಹೋಗುತ್ತದೆ, ಮದ್ಯದ ವೈಯಕ್ತಿಕ ಲೈಸೆನ್ಸಿಗೂ ಅಡ್ಡಬರುವುದಿಲ್ಲ. ಇಲ್ಲಿ ದಂಡ ಮಾತ್ರ ಆದ ಕೇಸುಗಳಿಗೆ ಐದು ವರ್ಷದ ಗಡಿ ಹಾಕಲು ಶಾಸನಸಭೆಗೆ ಏನೂ ಕಷ್ಟವಿಲ್ಲ. ಅಲ್ಲಿಯವರೆಗೆ ಇಷ್ಟಾದರೂ ಆಗಲಿ: 15(ಎ) ಸಮನ್ಸಿನ ಹಿಂಬದಿಯಲ್ಲಿ, 'ತಪ್ಪೊಪ್ಪಿಕೊಂಡು ದಂಡ ಕಟ್ಟಿದರೂ ಅದು ಶಿಕ್ಷೆಯೇ' ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಅಚ್ಚಾಗಲಿ.